ಹೈಸ್ಕೂಲು ಮುಗಿಸುವ ಮಕ್ಕಳ ಹಿನ್ನೋಟದ ಪ್ರಾಜೆಕ್ಟ್: ಎಲ್ಲರದೂ ಒಂದೇ ಥರ ಬರದಂತೆ ಮಾಡಿಸುವುದು ಹೇಗೆ?

ಸೀಮೆಸುಣ್ಣ:
ಕೊನೆಯ ವರ್ಷದ 40 ಮಕ್ಕಳಿಂದ ಹಿನ್ನೋಟದ ಪ್ರಾಜೆಕ್ಟ್ ಮಾಡಿಸಬೇಕು. ಇರುವುದು 6 ಪೀರಿಯಡ್, ತಲಾ 40 ನಿಮಿಷ. ‘ಹೈಸ್ಕೂಲಿನಲ್ಲಿ ನಾನು ಕಲಿತದ್ದು’ ಎಂದು ವಿಷಯ ಕೊಟ್ಟರೆ ಶಿಸ್ತು, ಗೆಳೆತನ, ಮರೆಯಲಾಗದ ದಿನಗಳು ಎಂದು ಎಲ್ಲರೂ ಅದನ್ನೇ ಬರೆಯುತ್ತಾರೆ. ಅಂಕವನ್ನೂ ಕೊಡಬೇಕು. ಮುಂದೆಂದೋ ಓದಿಕೊಳ್ಳಲು ತಮಗೆ ತಾವೇ ಪತ್ರ ಬರೆಸುವ ಯೋಚನೆಯೂ ಇದೆ. ಎಲ್ಲಿಂದ ಶುರು ಮಾಡಲಿ?

ಭಾಷಾಮೇಷ್ಟ್ರು:
ಮೊದಲ ಪೀರಿಯಡ್‌ನಲ್ಲಿ ಏನನ್ನೂ ಬರೆಸಬೇಡಿ. ಹಳೆಯದನ್ನು ತರಿಸಿ: ಹಿಂದಿನ ವರ್ಷಗಳ ನೋಟ್‌ಬುಕ್, ಕೆಂಪು ಗೆರೆ ಬಿದ್ದ ಉತ್ತರಪತ್ರಿಕೆ, ಪ್ರಯೋಗದ ರೆಕಾರ್ಡ್, ಅರ್ಧಕ್ಕೆ ಬಿಟ್ಟ ಚಿತ್ರ. ಒಬ್ಬೊಬ್ಬರು ನಾಲ್ಕನ್ನು ಆರಿಸಲಿ. ಅದರಲ್ಲಿ ಒಂದಾದರೂ ಕೆಟ್ಟುಹೋದ ಕೆಲಸ ಇರಲೇಬೇಕು. ಹಾಗೆ ಹೇಳದಿದ್ದರೆ ನಾಲ್ಕೂ ಸರ್ಟಿಫಿಕೇಟ್ ಬರುತ್ತವೆ. ಸರ್ಟಿಫಿಕೇಟಿನ ಕೆಳಗೆ ‘ತುಂಬಾ ಖುಷಿಯಾಯಿತು’ ಬಿಟ್ಟು ಬೇರೇನೂ ಬರೆಯಲಾಗದು.

ಎರಡನೇ ಪೀರಿಯಡ್‌ನಲ್ಲಿ ಅವುಗಳಲ್ಲೊಂದನ್ನು ಮತ್ತೆ ಮಾಡಿಸಿ. ಹಳೇ ಲೆಕ್ಕ, ಪ್ರಬಂಧದ ಮೊದಲ ಪ್ಯಾರಾ, ನಕಾಶೆ, ಯಾವುದಾದರೂ ಸರಿ. ಹಳೆಯದನ್ನು ನೋಡದೆ 25 ನಿಮಿಷದಲ್ಲಿ ಮುಗಿಸಬೇಕು. ಆಮೇಲೆ ಎರಡನ್ನೂ ಅಕ್ಕಪಕ್ಕ ಅಂಟಿಸಿ. ಇಡೀ ಪ್ರಾಜೆಕ್ಟಿನ ಜೀವ ಇಲ್ಲಿದೆ. ಬದಲಾವಣೆ ಕಣ್ಣೆದುರೇ ಇರುವಾಗ ಬಾಯಿಪಾಠದ ಮಾತು ಹುಟ್ಟುವುದಿಲ್ಲ. ಕೆಲವೊಮ್ಮೆ ಹಳೆಯದೇ ಚೆನ್ನಾಗಿರುತ್ತದೆ. ಅದು ಯಾಕೆ ಎಂಬುದು ಇನ್ನೂ ಒಳ್ಳೆಯ ಟಿಪ್ಪಣಿ.

ಮೂರು ಮತ್ತು ನಾಲ್ಕು ಬರವಣಿಗೆಗೆ. ಆರಿಸಿದ ಒಂದೊಂದು ವಸ್ತುವಿಗೂ 60–80 ಪದದ ಟಿಪ್ಪಣಿ. ‘ಏನು ಕಲಿತೆ?’ ಎಂದು ಕೇಳಬೇಡಿ. ‘ಇದರಲ್ಲಿ ಯಾವ ಸಾಲನ್ನು ಈಗ ಹೊಡೆದುಹಾಕುತ್ತೀಯ, ಯಾಕೆ?’, ‘ಎಲ್ಲಿ ಸಿಕ್ಕಿಹಾಕಿಕೊಂಡೆ, ಆಗ ಏನು ಮಾಡಿದೆ?’ ಎಂದು ಕೇಳಿ. ಅನುಭವವನ್ನು ಹಿಂತಿರುಗಿ ನೋಡಲು ಶಿಕ್ಷಣತಜ್ಞ ಗ್ರಹಾಂ ಗಿಬ್ಸ್ 1988ರಲ್ಲಿ ಕೊಟ್ಟ ಆರು ಹಂತಗಳ ಚಕ್ರ ಪ್ರಸಿದ್ಧ, ಆದರೆ ಈ ವಯಸ್ಸಿನವರಿಗೆ ಆರು ತಲೆಬರಹ ಕೊಟ್ಟರೆ ಅರ್ಜಿ ತುಂಬಿದ ಹಾಗೆ ತುಂಬುತ್ತಾರೆ. ಏನಾಯಿತು, ಅದರಿಂದೇನು, ಮುಂದೇನು: ಈ ಮೂರು ಸಾಕು.

ಐದರಲ್ಲಿ ಮಾತು. 40 ಮಕ್ಕಳೂ ಎದುರು ನಿಂತು 3 ನಿಮಿಷ ಮಾತಾಡಿದರೆ 120 ನಿಮಿಷ, ಮೂರು ಪೀರಿಯಡ್ ಹೋಯಿತು. ನಾಲ್ವರಂತೆ 10 ಗುಂಪು ಮಾಡಿ ಒಟ್ಟಿಗೇ ನಡೆಸಿ. ತಲಾ 8 ನಿಮಿಷ ಕೊಟ್ಟರೂ 32ಕ್ಕೆ ಮುಗಿಯುತ್ತದೆ.

ಪ್ರಶ್ನಾರ್ಥಕ:
ಅಂಕದ ಬಗ್ಗೆ. ಭಾವನೆಗೆ ಅಂಕ ಕೊಡಲೇಬೇಡಿ, ಕೊಟ್ಟರೆ ಮಕ್ಕಳು ನಿಮಗಾಗಿ ಕಣ್ಣೀರು ಬರೆಯುತ್ತಾರೆ. 20ಕ್ಕೆ ಹೀಗೆ ಹಂಚಬಹುದು: ಆಯ್ಕೆಗೆ 4, ಮತ್ತೆ ಮಾಡಿದ ಕೆಲಸಕ್ಕೆ 6, ಟಿಪ್ಪಣಿಯ ಮಾತಿಗೆ ಆ ವಸ್ತುವಿನಲ್ಲೇ ಆಧಾರ ತೋರಿಸಿದ್ದಕ್ಕೆ 8, ಸಮಯಕ್ಕೆ ಒಪ್ಪಿಸಿದ್ದಕ್ಕೆ 2. ಕಾಗುಣಿತದ ತಪ್ಪಿಗೆ ಕಡಿತ ಬೇಡ.

ಇದನ್ನು ಯಾರು ಯಾರು ಓದುತ್ತಾರೆ ಎಂಬುದನ್ನು ಮೊದಲ ದಿನವೇ ಹೇಳಿಬಿಡಿ. ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬೇಡಿ. ಮಗು ಅಪಾಯದಲ್ಲಿದೆ ಎಂಬ ಸುಳಿವು ಬರಹದಲ್ಲಿ ಸಿಕ್ಕರೆ ನೀವು ಆಪ್ತಸಮಾಲೋಚಕರಿಗೆ ತಿಳಿಸಲೇಬೇಕು.

ಸೀಮೆಸುಣ್ಣ:
ತುಂಬಾ ಉಪಯೋಗವಾಯಿತು ಸರ್. ಹಳೆಯ ನೋಟ್‌ಬುಕ್ ಇಟ್ಟುಕೊಳ್ಳದವರು, ನಡುವೆ ಬಂದು ಸೇರಿದವರು ಏನು ಮಾಡಬೇಕು?

ಭಾಷಾಮೇಷ್ಟ್ರು:
ಕೆಳಗಿನ ತರಗತಿಯ ಪಠ್ಯಪುಸ್ತಕದಿಂದ ಒಂದು ಪ್ರಶ್ನೆ ಬಿಡಿಸಲಿ. ಆಗ ತಾನು ತಡವರಿಸುತ್ತಿದ್ದ ಜಾಗಕ್ಕೆ ಗುರುತು ಹಾಕಿ ಪಕ್ಕದಲ್ಲಿ ಕಾರಣ ಬರೆಯಲಿ. ಬರೆಯಲು ಹಿಂಜರಿಯುವವರಿಗೆ 3 ನಿಮಿಷದ ಧ್ವನಿಮುದ್ರಣವೂ ಆದೀತು.

ಅಂಚೆಡಬ್ಬಿ:
ಪತ್ರವನ್ನು ಆರನೇ ಪೀರಿಯಡ್‌ಗೆ ಇಡಿ. ಅವಧಿ ಒಂದು ವರ್ಷ ಸಾಕು. ಐದು ವರ್ಷ ಎಂದರೆ ವಿಳಾಸ ಬದಲಾಗಿರುತ್ತದೆ, ಕಳಿಸಬೇಕಾದ ಶಿಕ್ಷಕರೂ ಬೇರೆಡೆ ಹೋಗಿರಬಹುದು. ಶಾಲೆಯ ಇಮೇಲ್ ವಿಳಾಸ ನೆಚ್ಚಬೇಡಿ, ಮಕ್ಕಳು ಶಾಲೆ ಬಿಟ್ಟ ಮೇಲೆ ಆ ಖಾತೆ ಮುಚ್ಚಿಹೋಗಬಹುದು.

ಪೆನ್ಸಿಲ್ ಅಥವಾ ಬಾಲ್‌ಪೆನ್ನಿನಲ್ಲಿ ಬರೆಯಲಿ. ನೀರಿನಲ್ಲಿ ಕರಗುವ ಶಾಯಿ ತೇವ ತಗುಲಿದರೆ ಹರಡುತ್ತದೆ. ಪತ್ರದ ಜೊತೆ ಬಿಲ್ಲು, ಟಿಕೆಟ್ಟು ಇಡುವುದಾದರೆ ಅವುಗಳ ಜೆರಾಕ್ಸ್ ಇಡಿ, ಥರ್ಮಲ್ ಕಾಗದದ (ಬಿಸಿಗೆ ಅಕ್ಷರ ಮೂಡುವ ಕಾಗದ) ಅಕ್ಷರ ಮಾಸಿಹೋಗುತ್ತದೆ. ಪತ್ರದಲ್ಲಿ ಉಪದೇಶ ಬೇಡ. ಪಕ್ಕದಲ್ಲಿ ಯಾರು ಕೂರುತ್ತಾರೆ, ಈ ವಾರ ಯಾವ ಪಾಠ ತಲೆಗೆ ಹತ್ತಲಿಲ್ಲ, ಯಾವ ನಿರ್ಧಾರ ಇನ್ನೂ ಆಗಿಲ್ಲ, ಇಂಥವನ್ನೇ ಬರೆಸಿ.

ಲಕೋಟೆಯ ಮೇಲೆ ತೆರೆಯುವ ದಿನಾಂಕವೂ ವಿಳಾಸ ಬದಲಾಗದ ಹಿರಿಯರೊಬ್ಬರ ಮನೆ ವಿಳಾಸವೂ ಇರಲಿ. ಈ ದಿನಾಂಕ, ವಿಳಾಸಗಳ ಪಟ್ಟಿಯನ್ನು ಎರಡು ಪ್ರತಿ ಮಾಡಿ, ಒಂದನ್ನು ಶಾಲೆಯ ಆಫೀಸಿನಲ್ಲಿ ಕೊಟ್ಟಿಡಿ. ಅಂಚೆಚೀಟಿಯನ್ನು ಈಗಲೇ ಅಂಟಿಸಬೇಡಿ, ಅಷ್ಟರಲ್ಲಿ ದರ ಏರಿದ್ದರೆ ಪತ್ರ ವಾಪಸ್ ಬರಬಹುದು.