ಡ್ಯಾನ್ಸ್ ಮೂರು ಗಂಟೆ, ನಾಟಕ ಮೂರು ತಿಂಗಳು

ಮಗಳು ಹೈಸ್ಕೂಲ್ ಸೇರಿದ್ದಾಳೆ, ವಿಂಟರ್ ಫಾರ್ಮಲ್ ಅಂತ ಶಾಲೆಯದ್ದೇ ಏನೋ ಡ್ಯಾನ್ಸ್ ಪಾರ್ಟಿ ಇದೆಯಂತೆ, ಕಳಿಸಬಹುದಾ ಅಂತ ಕೇಳಿದ್ದೀರಿ. ನಾಟಕಕ್ಕೂ ಸೇರಿದ್ದಾಳೆ, ಅದರದ್ದೇನೂ ಚಿಂತೆಯಿಲ್ಲ ಅಂತಲೂ ಹೇಳಿದ್ದೀರಿ. ನನ್ನನ್ನು ಕೇಳಿದರೆ ಇದು ಉಲ್ಟಾ. ಡ್ಯಾನ್ಸ್ ಮೂರು ಗಂಟೆಯಲ್ಲಿ ಮುಗಿಯುತ್ತದೆ. ನಾಟಕ ಮೂರು ತಿಂಗಳು ಮನೆಯ ಊಟ, ನಿದ್ದೆ, ಹೋಮ್‌ವರ್ಕ್, ಕಾರು ಎಲ್ಲವನ್ನೂ ತನ್ನ ಹಿಂದೆ ಎಳೆದುಕೊಂಡು ಹೋಗುತ್ತದೆ. ಹಾಗಂತ ಬೇಡ ಅನ್ನುತ್ತಿಲ್ಲ. ನಮ್ಮ ಇಬ್ಬರು ಮಕ್ಕಳೂ ಅದರಲ್ಲೇ ಮುಳುಗಿದ್ದವರು. ನಾವಿರುವುದು ಅಮೆರಿಕದ ಬೇ ಏರಿಯಾದಲ್ಲಿ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ, ಹಾಗಾಗಿ ನಾನು ಹೇಳುವುದೆಲ್ಲ ಕ್ಯಾಲಿಫೋರ್ನಿಯಾದ ಪಬ್ಲಿಕ್ ಸ್ಕೂಲ್, ಅಂದರೆ ಇಲ್ಲಿನ ಸರ್ಕಾರಿ ಶಾಲೆಯ ಲೆಕ್ಕ.

ಊರಲ್ಲಿ ಶಾಲೆಯ ನಾಟಕ ಅಂದರೆ ಸ್ಕೂಲ್ ಡೇ. ಮೇಷ್ಟ್ರು ಯಾರನ್ನು ಕರೆದು ನಿಲ್ಲಿಸಿದರೋ ಅವನೇ ರಾಜ. ಕಿರೀಟ, ಜರಿ ಅಂಗಿ ಬಾಡಿಗೆಗೆ ತಂದು ಒಂದೇ ರಾತ್ರಿ ಆಡಿ ಮುಗಿಸುತ್ತಿದ್ದೆವು. ಇಲ್ಲಿ ಸಾಮಾನ್ಯವಾಗಿ ಅಕ್ಟೋಬರ್-ನವೆಂಬರ್ ಸುಮಾರಿಗೆ ಒಂದು ಮಾತಿನ ನಾಟಕ, ಶಾಲೆಯ ವರ್ಷದ ಎರಡನೇ ಅರ್ಧದಲ್ಲಿ ಒಂದು ಮ್ಯೂಸಿಕಲ್, ಅಂದರೆ ಹಾಡು-ಕುಣಿತದ ನಾಟಕ. ಮೊದಲು ಆಡಿಷನ್. ಅದರಲ್ಲಿ ಹಿಡಿಸಿದವರಿಗೆ ಕಾಲ್‌ಬ್ಯಾಕ್, ಅಂದರೆ ಇನ್ನೊಮ್ಮೆ ಕರೆದು ನೋಡುವುದು. ಆಮೇಲೆ ಕಾಸ್ಟ್ ಲಿಸ್ಟ್, ಯಾರಿಗೆ ಯಾವ ಪಾತ್ರ ಅನ್ನುವ ಪಟ್ಟಿ. ಆ ಪಟ್ಟಿ ಬರುವ ಸಂಜೆ ಮನೆಯಲ್ಲಿ ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನದ ಕಳೆ. ಮಗಳಿಗೆ ಮೊದಲ ವರ್ಷ ಸಿಕ್ಕಿದ್ದು ಎನ್‌ಸೆಂಬಲ್, ಅಂದರೆ ಗುಂಪಿನಲ್ಲಿ ನಿಂತು ಹಾಡುವ ಪಾತ್ರ. ಫ್ರೆಶ್‌ಮನ್‌ಗಳಿಗೆ, ಅಂದರೆ ಹೈಸ್ಕೂಲಿನ ಮೊದಲ ವರ್ಷದವರಿಗೆ, ಬಹಳ ಕಡೆ ಅದೇ. ಪಾತ್ರ ಚಿಕ್ಕದಾಯಿತು ಅಂತ ಫೋನ್ ಎತ್ತಿಕೊಂಡು ಡೈರೆಕ್ಟರ್‌ಗೆ ಇಮೇಲ್ ಬರೆಯಲು ಹೋಗಬೇಡಿ, ನಿಮ್ಮ ಮಗುವಿಗೇ ಮುಜುಗರ. ಇನ್ನೊಂದು ವಿಷಯ. ಕರ್ನಾಟಕ ಸಂಗೀತ ಕಲಿತ ಮಕ್ಕಳಿಗೆ ಶ್ರುತಿ, ತಾಳ ಎರಡೂ ಗಟ್ಟಿ ಇರುತ್ತದೆ. ಆದರೆ ಆಡಿಷನ್‌ನಲ್ಲಿ ಸ್ವರಕ್ಕೊಂದು ಗಮಕ ಹಾಕಿದರೆ ಪಿಯಾನೋ ನುಡಿಸುವವರು ಕಕ್ಕಾಬಿಕ್ಕಿ.

ಆಡಿಷನ್ ಫಾರ್ಮ್‌ನಲ್ಲೇ ರಿಹರ್ಸಲ್‌ಗೆ ಬರಲಾಗದ ದಿನಗಳನ್ನು ಬರೆಯುವ ಜಾಗ ಇರುತ್ತದೆ. ದೀಪಾವಳಿ, ಮನೆಯ ಪೂಜೆ, ಊರಿಗೆ ಹೋಗುವ ಟಿಕೆಟ್ ಎಲ್ಲ ಅಲ್ಲೇ ಬರೆಸಿ. ಆಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ. ನವೆಂಬರ್‌ನಲ್ಲಿ ಕನ್ನಡ ಕೂಟದ ರಾಜ್ಯೋತ್ಸವ ಕಾರ್ಯಕ್ರಮವೂ ಬಂದು ಕೂರುತ್ತದೆ. ಎರಡಕ್ಕೂ ಮಗುವನ್ನು ಓಡಿಸಿದವರನ್ನು ನೋಡಿದ್ದೇನೆ. ಪಾಪ, ಎರಡೂ ಕಡೆ ಅರ್ಧಂಬರ್ಧ. ನಾಟಕದ ವರ್ಷ ಕೂಟದ ಡ್ಯಾನ್ಸ್ ಬಿಟ್ಟರೆ ಕನ್ನಡವೇನೂ ಮುಳುಗುವುದಿಲ್ಲ.

ಕೊನೆಯ ವಾರಕ್ಕೆ ಟೆಕ್ ವೀಕ್ ಅನ್ನುತ್ತಾರೆ. ಲೈಟ್, ಸೌಂಡ್, ಸೆಟ್, ಬಟ್ಟೆ ಎಲ್ಲ ಒಟ್ಟಿಗೆ ಸೇರುವ ವಾರ. ಶಾಲೆ ಬಿಟ್ಟಾಗಿನಿಂದ ರಾತ್ರಿ ಒಂಬತ್ತು, ಹತ್ತರ ತನಕ ಅಲ್ಲೇ. ಊಟ ತರುವುದು ಅಪ್ಪ-ಅಮ್ಮಂದಿರ ಪಾಳಿ. ನಾನು ಒಂದು ದೊಡ್ಡ ಅಲ್ಯೂಮಿನಿಯಂ ಟ್ರೇ ತುಂಬ ಚಿತ್ರಾನ್ನ ಮಾಡುತ್ತಿದ್ದೆ, ಕಡಲೇಕಾಯಿ ಬೀಜ ಹಾಕದೆ, ಯಾಕೆಂದರೆ ಅಲರ್ಜಿ ಇರುವ ಮಕ್ಕಳು ಇದ್ದೇ ಇರುತ್ತಾರೆ. ಬೀಜ ಇಲ್ಲದ ಚಿತ್ರಾನ್ನವೂ ಒಂದು ಚಿತ್ರಾನ್ನವಾ ಅಂತ ಮನೆಯವರು ಗೊಣಗುತ್ತಿದ್ದರು. ಟ್ರೇ ಮಾತ್ರ ಖಾಲಿ.

ಸ್ಟೇಜ್ ಮೇಲೆ ನಿಲ್ಲಲು ಸಂಕೋಚ ಪಡುವ ಮಕ್ಕಳಿಗೆ ಕ್ರೂ, ಅಂದರೆ ತೆರೆಯ ಹಿಂದಿನ ಕೆಲಸದ ತಂಡ, ಇದೆ. ನಮ್ಮ ಮಗ ಅಲ್ಲಿ ಸೇರಿದವನು. ಮನೆಯಲ್ಲಿ ಬಾಯಿ ಬಿಡದ ಹುಡುಗ ಸ್ಟೇಜಿನ ದೀಪಗಳನ್ನು ನಡೆಸುವ ಲೈಟ್ ಬೋರ್ಡ್ ಮುಂದೆ ಕಪ್ಪು ಬಟ್ಟೆ, ಹೆಡ್‌ಸೆಟ್ ಹಾಕಿಕೊಂಡು ಕೂತಿದ್ದ. ಒಮ್ಮೆ ಡ್ರೆಸ್ ರಿಹರ್ಸಲ್ ದಿನ ಬೂತ್ ಹಿಂದೆ ನಿಂತು ನೋಡಿದೆ. ಸ್ಟೇಜ್ ಮ್ಯಾನೇಜರ್ ಹನ್ನೊಂದನೇ ತರಗತಿಯ ಹುಡುಗಿ. ಪುಸ್ತಕದ ಮೇಲೆ ಬೆರಳಿಟ್ಟುಕೊಂಡು ಮೆಲ್ಲಗೆ "ಸ್ಟ್ಯಾಂಡ್‌ಬೈ ಲೈಟ್ಸ್ 42" ಅಂದಳು, ಅಂದರೆ 42ನೇ ಬೆಳಕಿನ ಬದಲಾವಣೆಗೆ ಸಿದ್ಧವಾಗಿರು ಅಂತ. ಮಗ "ಲೈಟ್ಸ್" ಅಂದ. ಎರಡು ಮಾತು ಆದಮೇಲೆ "ಲೈಟ್ಸ್ 42, ಗೋ." ಗುಂಡಿ ಒತ್ತಿದ, ಇಡೀ ಸ್ಟೇಜ್ ಸಂಜೆಯಾಯಿತು. ಆ "ಗೋ" ಬರುವ ತನಕ ಯಾರೂ ಏನೂ ಮುಟ್ಟುವಂತಿಲ್ಲ. ಪ್ರಿನ್ಸಿಪಾಲ್ ಬಂದು ನಿಂತರೂ ಆ ಹೊತ್ತಿಗೆ ಯಜಮಾನಿಕೆ ಆ ಹುಡುಗಿಯದ್ದೇ.

ಓದಿಗೆ ಏನು ಉಪಯೋಗ ಅಂತ ಕೇಳುವವರಿಗೆ ಒಂದು ಲೆಕ್ಕ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ (ಯುಸಿ) ಮತ್ತು ಕ್ಯಾಲ್ ಸ್ಟೇಟ್ (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಎರಡಕ್ಕೂ ಸೇರಲು ಹೈಸ್ಕೂಲಿನಲ್ಲಿ ಓದಿರಬೇಕಾದ, ಎ-ಜಿ ಅನ್ನುವ ಕೋರ್ಸ್‌ಗಳ ಪಟ್ಟಿ ಇದೆ. ಅದರಲ್ಲಿ 'ಎಫ್' ಅಂದರೆ ಒಂದು ವರ್ಷದ ಕಲೆಯ ಕೋರ್ಸ್, ಕಡ್ಡಾಯ. ಡ್ರಾಮಾ ಕ್ಲಾಸ್ ಅದಕ್ಕೆ ಲೆಕ್ಕಕ್ಕೆ ಬರುತ್ತದೆ, ಆದರೆ ಶಾಲೆಯ ಆ ಕೋರ್ಸ್ ಯುಸಿಯ ಒಪ್ಪಿಗೆ ಪಟ್ಟಿಯಲ್ಲಿರಬೇಕು. ಸಂಜೆ ಆಡುವ ನಾಟಕಕ್ಕೆ ಮಾತ್ರ ಸೇರಿ ಕ್ಲಾಸ್ ತೆಗೆದುಕೊಳ್ಳದಿದ್ದರೆ ಈ ಲೆಕ್ಕ ನಡೆಯುವುದಿಲ್ಲ.

ದುಡ್ಡಿನ ವಿಷಯವನ್ನೂ ಹೇಳಿಬಿಡುತ್ತೇನೆ. ನಾಟಕಕ್ಕೆ ಸೇರಿದ ಕೂಡಲೇ ಇಷ್ಟು ಡಾಲರ್ ಕೊಡಿ ಅಂತ ಕಾಗದ ಬರಬಹುದು. ಕ್ಯಾಲಿಫೋರ್ನಿಯಾದಲ್ಲಿ ಅದು ದೇಣಿಗೆ ಮಾತ್ರ, ಫೀಸ್ ಅಲ್ಲ. ಸಾಂಟಾ ಬಾರ್ಬರಾದ ಹೈಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಅಲ್ಲಿನ ಶಾಲೆಗಳ ಆಡಳಿತ ಸಂಸ್ಥೆ, ಒಂದು ಕಾಲದಲ್ಲಿ ನಾಟಕ, ಸಂಗೀತ, ಆಟಗಳಿಗೆ 25 ಡಾಲರ್ ಫೀಸ್ ಇಟ್ಟಿತ್ತು. 1984ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಇದು ಸಂವಿಧಾನದ ಉಚಿತ ಶಿಕ್ಷಣಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಅನುಕೂಲ ಇದ್ದರೆ ಕೊಡಿ, ಬಟ್ಟೆಗೆ, ಸೆಟ್ ಕಟ್ಟುವ ಮರಕ್ಕೆ ಖರ್ಚು ನಿಜವಾಗಿಯೂ ಜಾಸ್ತಿ. ಆಗದಿದ್ದರೆ ಮಗುವನ್ನು ಹೊರಗಿಡುವಂತಿಲ್ಲ.

ಮ್ಯೂಸಿಕಲ್‌ಗೆ ಶಾಲೆ ಲೈಸೆನ್ಸ್ ಕಂಪನಿಗಳಿಗೆ ಹಣ ಕಟ್ಟಿ ಹಕ್ಕು ತಂದಿರುತ್ತದೆ. ಒಪ್ಪಿಗೆಯಿಲ್ಲದೆ ಒಂದು ಸಾಲು ಬದಲಿಸುವಂತಿಲ್ಲ, ಸಾಮಾನ್ಯವಾಗಿ ವಿಡಿಯೋ ಕೂಡ ಮಾಡುವಂತಿಲ್ಲ. ಊರಲ್ಲಿರುವ ಅಜ್ಜಿ-ತಾತನಿಗೆ ವಾಟ್ಸಪ್‌ನಲ್ಲಿ ಲೈವ್ ತೋರಿಸೋಣ ಅಂತ ಫೋನ್ ಎತ್ತಿದರೆ ಪಕ್ಕದವರು ಬೈಯುತ್ತಾರೆ.

ಈಗ ನಿಮ್ಮ ಡ್ಯಾನ್ಸ್. ಶಾಲೆಯ ಡ್ಯಾನ್ಸ್‌ಗಳು ಮೂರು: ಶಾಲೆ ಶುರುವಾದ ಸ್ವಲ್ಪ ದಿನಕ್ಕೆ ಹೋಮ್‌ಕಮಿಂಗ್, ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ವಿಂಟರ್ ಫಾರ್ಮಲ್, ಶಾಲೆಯ ವರ್ಷದ ಕೊನೆಗೆ ದೊಡ್ಡ ಕ್ಲಾಸಿನವರಿಗೆ ಪ್ರಾಮ್. ಜೋಡಿ ಬೇಕೇ ಬೇಕು ಅಂತ ಏನಿಲ್ಲ, ಈಗ ಬಹಳ ಮಕ್ಕಳು ಗುಂಪಾಗಿಯೇ ಹೋಗುತ್ತಾರೆ. ಯಾರದೋ ಮನೆಯ ಹಿತ್ತಲಲ್ಲಿ ಫೋಟೋ, ಹೋಟೆಲ್‌ನಲ್ಲಿ ಊಟ, ಆಮೇಲೆ ಡ್ಯಾನ್ಸ್. ಸಾಮಾನ್ಯವಾಗಿ ಬಾಗಿಲಲ್ಲಿ ಐಡಿ ನೋಡುತ್ತಾರೆ, ಬ್ಯಾಗ್ ತಪಾಸಣೆ ಮಾಡುತ್ತಾರೆ. ಒಮ್ಮೆ ಹೊರಗೆ ಹೋದರೆ ಮತ್ತೆ ಒಳಗೆ ಬಿಡುವುದಿಲ್ಲ. ಒಳಗೆ ಟೀಚರ್‌ಗಳು ಗೋಡೆಗೆ ಒರಗಿಕೊಂಡು ನಿಂತಿರುತ್ತಾರೆ. ನಮ್ಮ ಎಷ್ಟೋ ಮದುವೆ ಮನೆಗಳಲ್ಲಿ ಇಷ್ಟು ಕಾವಲು ಇರುವುದಿಲ್ಲ. ಬಟ್ಟೆಯ ಉದ್ದದ ಬಗ್ಗೆ ಜಗಳ ಆಗುತ್ತದೆ, ಆಗಲಿ ಬಿಡಿ. ಮಗಳು ನನ್ನ ಮೈಸೂರು ಸಿಲ್ಕ್ ಸೀರೆ ಕತ್ತರಿಸಿ ಗೌನ್ ಹೊಲಿಸುತ್ತೇನೆ ಅಂದಾಗ ಮಾತ್ರ ನಾನು ಸುತಾರಾಂ ಒಪ್ಪಲಿಲ್ಲ.

ಕೇಳಬೇಕಾದ್ದು ಡ್ಯಾನ್ಸ್ ಮುಗಿದ ಮೇಲಿನದ್ದು. ಆಮೇಲೆ ಯಾರ ಮನೆ? ಅಲ್ಲಿ ದೊಡ್ಡವರು ಇರುತ್ತಾರಾ? ಆ ಮಗುವಿನ ಅಮ್ಮನಿಗೆ ಒಂದು ಫೋನ್ ಮಾಡಿ, ಇಲ್ಲಿ ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಕಾರು ಯಾರು ಓಡಿಸುತ್ತಾರೆ ಅಂತಲೂ ಕೇಳಿ. 18 ತುಂಬದವರಿಗೆ ಲೈಸೆನ್ಸ್ ಬಂದ ಮೊದಲ 12 ತಿಂಗಳು ರಾತ್ರಿ 11ರಿಂದ ಬೆಳಿಗ್ಗೆ 5ರ ತನಕ ಒಬ್ಬರೇ ಓಡಿಸುವಂತಿಲ್ಲ. 25 ತುಂಬಿದ, ಲೈಸೆನ್ಸ್ ಇರುವ ಒಬ್ಬರು ಜೊತೆಗಿಲ್ಲದೆ 20 ವರ್ಷದೊಳಗಿನ ಗೆಳೆಯರನ್ನು ಹತ್ತಿಸಿಕೊಳ್ಳುವಂತೆಯೂ ಇಲ್ಲ. ಮಕ್ಕಳಿಗೆ ಈ ನಿಯಮ ಚೆನ್ನಾಗಿ ಗೊತ್ತು, ಆ ರಾತ್ರಿ ಮಾತ್ರ ಮರೆತುಹೋಗುತ್ತದೆ. ನಾವು ನಾಲ್ಕು ಮನೆಯವರು ಸೇರಿ, ಒಬ್ಬರು ಬಿಡುವುದು, ಇನ್ನೊಬ್ಬರು ಕರೆತರುವುದು ಅಂತ ಮಾಡಿಕೊಂಡಿದ್ದೆವು.

ಡ್ಯಾನ್ಸ್‌ಗೆ ಟಿಕೆಟ್ ತೆಗೆಯುವ ಮೊದಲು ಮ್ಯೂಸಿಕಲ್ ಆಡಿಷನ್ ಯಾವಾಗ ಅಂತ ಮಗಳನ್ನು ಕೇಳಿ. ಎಷ್ಟೋ ಶಾಲೆಗಳಲ್ಲಿ ಅದೂ ಡಿಸೆಂಬರ್-ಜನವರಿಯಲ್ಲೇ ಬರುತ್ತದೆ. ಶನಿವಾರ ರಾತ್ರಿ ಡ್ಯಾನ್ಸ್‌ನಲ್ಲಿ ಕಿರುಚಿ ಗಂಟಲು ಕಟ್ಟಿಸಿಕೊಂಡು ಸೋಮವಾರ ಹಾಡಲು ನಿಂತರೆ, ಅವತ್ತು ಮನೆಯಲ್ಲಿ ಬಿಸಿನೀರು, ಜೇನುತುಪ್ಪ, ಜಗಳ ಮೂರೂ ನಿಮ್ಮ ಪಾಲಿಗೆ.