ಯೂಫ್ರೆಟಿಸ್ ನದಿಯೂ ಸಿರುಗುಪ್ಪದ ಗದ್ದೆಯೂ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಪೂರ್ಣ ವಾಕ್ಯಗಳಲ್ಲೇ ಬರೆಯಬೇಕೆಂಬುದು ನಿವೃತ್ತ ಕನ್ನಡ ಮೇಷ್ಟ್ರಾದ ಬಳ್ಳಾರಿಯ ದೊಡ್ಡಪ್ಪನ ಕಟ್ಟಳೆ. ಜಗಳಕ್ಕೂ ವಿನಾಯಿತಿ ಇಲ್ಲ. ಶನಿವಾರ ಬೆಳಿಗ್ಗೆ ಬಂದ ಒಂದು ವಿಡಿಯೊದ ಕೆಳಗೆ ನಡೆದದ್ದು ಹೀಗಿದೆ. ಅದನ್ನು ಕೊನೆಯವರೆಗೆ ನೋಡಿದವರು ಯಾರೂ ಇದ್ದಂತಿಲ್ಲ, ನಾನಂತೂ ನೋಡಲಿಲ್ಲ.

ಸಿರುಗುಪ್ಪದ ಅತ್ತೆ: ಯೂಫ್ರೆಟಿಸ್ ನದಿ ಬತ್ತಿಹೋಗಿದೆಯಂತೆ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 16ನೇ ಅಧ್ಯಾಯದಲ್ಲಿ ಈ ನದಿ ಬತ್ತುವುದೆಂದು ಬರೆದದ್ದು ನಮ್ಮ ಕಣ್ಣ ಮುಂದೆಯೇ ನೆರವೇರುತ್ತಿದೆ. ತುಂಗಭದ್ರೆಯ ಗೇಟು ಕೊಚ್ಚಿಹೋದ ದಿನವೇ ಅಂತ್ಯಕಾಲ ಹತ್ತಿರವಾಯಿತೆಂದು ನನಗೆ ಅನಿಸಿತ್ತು. ಯಾರೂ ಉದಾಸೀನ ಮಾಡದೆ ಪ್ರಾರ್ಥಿಸಿರಿ.

ರಾಯಚೂರಿನ ಅಣ್ಣ: ಅತ್ತೆ, ಈ ವಿಡಿಯೊ ಮಾಡಿದವರು ಯಾರು, ಇದು ಯಾವ ವರ್ಷದ್ದು ಎಂಬುದನ್ನು ಮೊದಲು ತಿಳಿಸಿರಿ. ಯೂಫ್ರೆಟಿಸಿಗೆ ಟರ್ಕಿಯಲ್ಲಿ ಅತಾತುರ್ಕ್, ಸಿರಿಯಾದಲ್ಲಿ ತಬ್ಕಾ, ಇರಾಕಿನಲ್ಲಿ ಹದೀತಾ ಎಂದು ಸಾಲು ಅಣೆಕಟ್ಟುಗಳಿವೆ. ನಮ್ಮ ಕಾಲುವೆಯ ಕೊನೆ ಭಾಗದ ರೈತರಿಗೆ ಆಗುವಂತೆಯೇ, ಮಳೆ ಕೈಕೊಟ್ಟ ವರ್ಷ ಕೆಳಗಿನವರಿಗೆ ನೀರು ಸಾಲದೆ ಹೋಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಹೋದದ್ದು ಸರಪಳಿ ತುಂಡಾಗಿ. ಸುಮಾರು ಒಂದು ವಾರದಲ್ಲಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದರು. ಅಮೆರಿಕದಲ್ಲಿ ಬೋಧಕ ವಿಲಿಯಂ ಮಿಲ್ಲರನ ಅನುಯಾಯಿಗಳೂ 1844ರ ಅಕ್ಟೋಬರ್ 22ರಂದು ಕ್ರಿಸ್ತನು ಬರುವನೆಂದು ಕಾದು ಕುಳಿತಿದ್ದರು.

ಸಿರುಗುಪ್ಪದ ಅತ್ತೆ: ನಿನಗೆ ದೇವರ ವಾಕ್ಯಕ್ಕೂ ಆಧಾರ ಬೇಕು. ದೃಢೀಕರಣದ ತರಗತಿಯಲ್ಲಿ ಸಭಾಪಾಲಕರನ್ನು ಹೀಗೆಯೇ ಪೀಡಿಸಿದವನು ನೀನು.

ದೊಡ್ಡಪ್ಪ: ಇಬ್ಬರೂ ಸುಮ್ಮನಿರಿ. ಮಿಷನರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ವರ್ಷಗಟ್ಟಲೆ ಕುಳಿತು ಸತ್ಯವೇದವನ್ನು ಕನ್ನಡಕ್ಕೆ ತಂದದ್ದು ನೀವು ಅದನ್ನು ಬಿಟ್ಟು ವಿಡಿಯೊ ನೋಡಲೆಂದಲ್ಲ. ಯುದ್ಧಗಳ ಸುದ್ದಿ ಕೇಳಿ ಕಳವಳಪಡಬೇಡಿರೆಂದು ಮತ್ತಾಯ 24ರಲ್ಲಿ ಕರ್ತನೇ ಹೇಳಿದ್ದಾನೆ. ಆ ದಿನ ಯಾವುದೆಂದು ತಂದೆಯ ಹೊರತು ಯಾರೂ ಅರಿಯರೆಂಬುದೂ ಅದೇ ಅಧ್ಯಾಯದಲ್ಲಿದೆ. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದ್ದಾಗ, ಸೆರೆಯಲ್ಲಿದ್ದ ಪ್ರವಾದಿ ಯೆರೆಮೀಯನು ಅನಾತೋತಿನ ಹೊಲವನ್ನು 17 ಶೆಕೆಲ್ ಬೆಳ್ಳಿಗೆ ಕೊಂಡು, ಕ್ರಯಪತ್ರವನ್ನು ಮಣ್ಣಿನ ಗಡಿಗೆಯಲ್ಲಿ ಇಡಿಸಿದನು. ನಿರೀಕ್ಷೆ ಎಂದರೆ ಅದು.

ಕೊಪ್ಪಳದ ತಮ್ಮ: ನನಗೆ 1991ರ ಕೊಲ್ಲಿ ಯುದ್ಧದ ಕಾಲದ ಅಜ್ಜಿ ನೆನಪಾಗುತ್ತಾಳೆ. ರೇಡಿಯೊದಲ್ಲಿ ವಾರ್ತೆ ಮುಗಿದ ಕೂಡಲೇ ಗುಂಡಿ ತಿರುಗಿಸಿ, ಸತ್ಯವೇದದ 46ನೇ ಕೀರ್ತನೆ ಓದಿ, ಬಾಗ್ದಾದಿನ ತಾಯಂದಿರಿಗಾಗಿಯೂ ಅಮೆರಿಕದ ಸಿಪಾಯಿಗಳ ತಾಯಂದಿರಿಗಾಗಿಯೂ ಪ್ರಾರ್ಥಿಸಿ, ಆಮೇಲೆ ಮರುದಿನದ ಒಗ್ಗರಣೆಗೆ ಮಂಡಕ್ಕಿ ಜರಡಿ ಹಿಡಿಯಲು ಕೂಡುತ್ತಿದ್ದಳು. ಆ ಒಗ್ಗರಣೆ-ಮಿರ್ಚಿಯ ರುಚಿ ಈಗ ಯಾವ ಹೋಟೆಲಿನಲ್ಲೂ ಸಿಗದು.

ಸಿರುಗುಪ್ಪದ ಅತ್ತೆ: ಬಳ್ಳಾರಿಯ ಅಣ್ಣ ಹೊಲದ ಮಾತು ಎತ್ತಬಾರದಾಗಿತ್ತು. ಎರಡು ಸಾವಿರದ ಇಸವಿಗೆ ಲೋಕವೇ ಮುಗಿಯುವುದೆಂಬ ಕರಪತ್ರವನ್ನು ಕೈಯಲ್ಲಿ ಹಿಡಿದುಕೊಂಡು, 1999ರಲ್ಲಿ ತುಂಗಭದ್ರೆಯ ಕೆಳಮಟ್ಟದ ಕಾಲುವೆಯ (ಎಲ್‌ಎಲ್‌ಸಿ) ಕೆಳಗಿನ ಎರಡು ಎಕರೆ ಗದ್ದೆಯನ್ನು ಮಾರಿದ ಯೆರೆಮೀಯ ಯಾರು?

ದೊಡ್ಡಪ್ಪ: ಕರಪತ್ರ ಓದಿದ್ದು ನಿಜ. ಗದ್ದೆ ಮಾರಿದ್ದು ನಿನ್ನ ಮದುವೆಯ ಸಾಲಕ್ಕೆ.

ಆಮೇಲೆ ಮುಕ್ಕಾಲು ಗಂಟೆ ಯಾರೂ ಏನೂ ಬರೆಯಲಿಲ್ಲ.

ರಾಯಚೂರಿನ ಅಣ್ಣ: ಅಜ್ಜಿಯ ಸತ್ಯವೇದ ನನ್ನ ಬಳಿ ಇದೆ; ಯಾರೂ ಕೇಳಲಿಲ್ಲವೆಂದು ಹೇಳಿರಲಿಲ್ಲ. ಈಗ ತೆರೆದು ನೋಡಿದೆ. ಯೆರೆಮೀಯನ ಪುಟಗಳಲ್ಲಿ ಒಂದು ಗೆರೆಯೂ ಇಲ್ಲ. 46ನೇ ಕೀರ್ತನೆಯ ಪುಟದಲ್ಲಿ ಆ ಗದ್ದೆಯ ಕಂದಾಯದ ರಸೀದಿ ನಾಲ್ಕು ಮಡಿಕೆಯಾಗಿದೆ, ಅಂಚಿಗೆ ಎಣ್ಣೆ ಹತ್ತಿದೆ.

ಸಿರುಗುಪ್ಪದ ಅತ್ತೆ: ಫೋಟೊ ಕಳಿಸು. ರಸೀದಿಯನ್ನು ಅಲ್ಲಿಂದ ತೆಗೆಯಬೇಡ.