ಜುಗ್‌ಜ್ವಾಂಗ್, ಸ್ಟೇಲ್‌ಮೇಟ್: ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ನಮ್ಮ ಕ್ಲಬ್ಬಿನ ಇಬ್ಬರು ಟೂರ್ನಿಯಲ್ಲಿ ಆಡಿದ ಒಂದು ಚೆಸ್ ಆಟಕ್ಕೆ ಕನ್ನಡದಲ್ಲಿ ವಿವರಣೆ ಬರೆಯುತ್ತಿದ್ದೇನೆ. ಆನೆ, ಒಂಟೆ, ಕುದುರೆ, ಕಾಲಾಳು, ನಡೆ ಎಲ್ಲ ಬಾಯಲ್ಲೇ ಇರುವ ಮಾತು. ಕ್ವೀನ್‌ಗೆ ಮಂತ್ರಿ ಎಂದು ಬರೆದಿದ್ದೇನೆ, ರಾಣಿ ಅಂದರೂ ತಕರಾರಿಲ್ಲ. ತೊಡಕಾಗಿದ್ದು ಆಟದ ಕೊನೆಯಲ್ಲಿ.

ಬಿಳಿಯ ರಾಜ ಡಿ6ರಲ್ಲಿ, ಕಾಲಾಳು ಇ6ರಲ್ಲಿ (ಅಕ್ಷರ ಉದ್ದ ಸಾಲಿನದು, ಅಂಕಿ ಅಡ್ಡ ಸಾಲಿನದು). ಕಪ್ಪಿನ ಕಡೆ ಉಳಿದಿದ್ದು ರಾಜ ಮಾತ್ರ, ಡಿ8ರಲ್ಲಿ. ನಡೆ ಕಪ್ಪಿನದು. ಸುಮ್ನೆ ಕೂರಲು ಬಿಟ್ಟಿದ್ದರೆ ಅವನಿಗೆ ಏನೂ ಆಗುತ್ತಿರಲಿಲ್ಲ. ಆದರೆ ಈ ಆಟದಲ್ಲಿ ಸರದಿ ಬಿಡುವಂತಿಲ್ಲ ಅಲ್ವಾ? ರಾಜ ಇ8ಕ್ಕೆ ಹೋದ, ಕಾಲಾಳು ಇ7ಕ್ಕೆ ಬಂತು. ಆಮೇಲೆ ರಾಜನಿಗೆ ಎಫ್7 ಒಂದೇ ದಾರಿ. ಬಿಳಿಯ ರಾಜ ಡಿ7ಕ್ಕೆ ಬಂದು ನಿಂತ. ಇನ್ನು ಕಾಲಾಳು ಕೊನೆಯ ಸಾಲು ಮುಟ್ಟಿ ಮಂತ್ರಿ ಆಗುವುದನ್ನು ತಡೆಯುವವರಿಲ್ಲ. ಹೀಗೆ ನಡೆಯಲೇಬೇಕಾಗಿ ಬಂದು ಕೆಡುವುದೇ ಜುಗ್‌ಜ್ವಾಂಗ್. ಜರ್ಮನ್ ಮಾತು: ನಡೆ, ಬಲವಂತ ಎರಡೂ ಸೇರಿ ಆಗಿದ್ದು.

ಅದೇ ಸ್ಥಿತಿಯಲ್ಲಿ ನಡೆ ಬಿಳಿಯದಾಗಿದ್ದರೆ? ಕಾಲಾಳು ಇ7ಕ್ಕೆ ಬಂದು ಚೆಕ್, ಕಪ್ಪು ರಾಜ ಇ8ಕ್ಕೆ. ಕಾಲಾಳನ್ನು ಉಳಿಸಿಕೊಳ್ಳಲು ಬಿಳಿಯ ರಾಜ ಇ6ಕ್ಕೇ ಬರಬೇಕು. ಬಂದರೆ ಕಪ್ಪಿಗೆ ಚೆಕ್ಕೂ ಇಲ್ಲ, ಹೋಗಲು ಮನೆಯೂ ಇಲ್ಲ. ಸ್ಟೇಲ್‌ಮೇಟ್, ತಲಾ ಅರ್ಧ ಅಂಕ. (ಇಂಗ್ಲೆಂಡಿನಲ್ಲಿ 19ನೇ ಶತಮಾನದ ಆರಂಭದವರೆಗೂ ಎದುರಾಳಿಯನ್ನು ಹೀಗೆ ಸಿಕ್ಕಿಸಿದವನೇ ಸೋತಂತೆ ಲೆಕ್ಕ!)

ಒಂದರಲ್ಲಿ ನಡೆ ಇರುವುದೇ ಕಷ್ಟ, ಇನ್ನೊಂದರಲ್ಲಿ ನಡೆ ಇಲ್ಲದ್ದೇ ಉಳಿವು. ಎರಡಕ್ಕೂ ‘ಸಿಕ್ಕಿಬಿದ್ದ’ ಎಂದು ಬರೆದರೆ ಓದುವವರಿಗೆ ಗೆದ್ದವರಾರು ಎಂದೇ ತಿಳಿಯುವುದಿಲ್ಲ.

ರಾಜಕೀಯದ ಸುದ್ದಿಯಲ್ಲಿ ಸ್ಟೇಲ್‌ಮೇಟ್‌ಗೆ ‘ಬಿಕ್ಕಟ್ಟು’ ಎನ್ನುವುದುಂಟು. ಇಲ್ಲಿ ಅದು ಒಗ್ಗುವುದಿಲ್ಲ. ಬಿಕ್ಕಟ್ಟು ಅಂದರೆ ಮುಂದೆ ಬಗೆಹರಿಯಬೇಕಾದದ್ದು. ಇಲ್ಲಿ ಆಟವೇ ಮುಗಿದಿರುತ್ತದೆ. ‘ನಿಶ್ಚಲ ಸ್ಥಿತಿ’ ಅರ್ಥಕ್ಕೆ ಸರಿ, ಆದರೆ ಬೋರ್ಡಿನ ಮುಂದೆ ಕೂತ ಯಾರೂ ಹಾಗೆ ಹೇಳಲಾರರು. ನನಗೆ ತೋಚಿದ್ದು ‘ನಡೆಗಟ್ಟು’. ಜುಗ್‌ಜ್ವಾಂಗ್‌ಗೆ ‘ನಡೆಪೇಚು’: ನಡೆಯಲೇಬೇಕಾದ ಪೇಚಿಗೆ ಸಿಲುಕುವುದು. ಎರಡನೆಯದು ನನಗೆ ಜಾಸ್ತಿ ಹಿಡಿಸಿದೆ. ಮೊದಲನೆಯದರಲ್ಲಿ ಡ್ರಾ ಆಯಿತು ಎನ್ನುವ ಸುಳಿವೇ ಇಲ್ಲ ಎಂಬ ಕೊರಗಿದೆ.

ಹೊಸ ಪದ ಕಟ್ಟುವ ಮೊದಲು ಹಳೆಯದು ಇದೆಯೇ ಎಂದು ಕೇಳಬೇಕು. ನಿಮ್ಮ ಮನೆಯ ಹಿರಿಯರು ಆಡುವಾಗ, ಚೆಕ್ ಇಲ್ಲದೆಯೂ ರಾಜನಿಗೆ ಮನೆ ಸಿಗದಿದ್ದರೆ ಏನೆನ್ನುತ್ತಿದ್ದರು? ಅದನ್ನು ಸೋಲೆಂದು ಎಣಿಸುತ್ತಿದ್ದರೋ, ಸಮವೆಂದೋ? ಯಾವ ಊರ ಕಡೆಯ ಮಾತು ಎನ್ನುವುದನ್ನೂ ದಯವಿಟ್ಟು ಬರೆಯಿರಿ.